ಸ್ಯಾನ್ ಹುವಾನ್‌ನ ರಾಡಾರ್ ಪರದೆಯ ಗೆರೆಗಳು

2009ರ ಆರಂಭ. ಅಮೆರಿಕಕ್ಕೆ ಸೇರಿದ, ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದ ರಾಜಧಾನಿ ಸ್ಯಾನ್ ಹುವಾನ್‌ನಲ್ಲಿ, ವಿಮಾನ ನಿಲ್ದಾಣದ ಕಾವಲಿಗಿದ್ದ ಹವಾಮಾನ ರಾಡಾರಿನ ಪರದೆಯ ಮೇಲೆ ವಿಚಿತ್ರ ಗೆರೆಗಳು ಮೂಡತೊಡಗಿದವು. ಮೋಡವಾಗಿದ್ದರೆ ಗುಪ್ಪೆಯಾಗಿ ಕಾಣಬೇಕು, ಮಳೆಯಾಗಿದ್ದರೆ ಹರಡಿಕೊಂಡಿರಬೇಕು. ಇವು ಪರದೆಯ ನಡುವಿನಿಂದ ಅಂಚಿನವರೆಗೆ ಸೀದಾ ಸಾಗುವ ಗೆರೆಗಳು. ಮಳೆಗೂ ಅವಕ್ಕೂ ಸಂಬಂಧವಿರಲಿಲ್ಲ. ಗೆರೆ ಹಾದ ದಿಕ್ಕಿನಲ್ಲಿ ಗಾಳಿ ಏನು ಮಾಡುತ್ತಿದೆ ಎಂಬುದು ಮಾತ್ರ ರಾಡಾರಿಗೆ ಕಾಣುತ್ತಿರಲಿಲ್ಲ.

ಆ ಗೆರೆಗಳ ಮೂಲ ಹುಡುಕಿಕೊಂಡು ಹೋದವರು ಕೊನೆಗೆ ತಲುಪಿದ್ದು ಎತ್ತರದ ಕಟ್ಟಡಗಳ ತಾರಸಿಗೆ, ಅಲ್ಲಿ ಕಂಬಕ್ಕೆ ಬಿಗಿದಿದ್ದ ಇಂಟರ್ನೆಟ್ ಪೆಟ್ಟಿಗೆಗಳಿಗೆ, ಅಂಥ ಕೆಲವು ಪೆಟ್ಟಿಗೆಗಳ ಸೆಟ್ಟಿಂಗ್ಸ್ ಪುಟದಲ್ಲಿದ್ದ 'ದೇಶ' ಎಂಬ ಆಯ್ಕೆಗೆ. ನಮ್ಮ ಮನೆಯ ರೌಟರಿನಲ್ಲೂ ಇರುವ, ನಾವು ಯಾರೂ ಎರಡನೇ ಸಲ ನೋಡದ ಅದೇ ಆಯ್ಕೆ. ಅದು ಯಾಕೆ ಇಷ್ಟು ಮುಖ್ಯ ಎನ್ನುವುದು ತಿಳಿಯಬೇಕಾದರೆ ಆ ರಾಡಾರ್ ಅಲ್ಲಿ ಯಾಕೆ ನಿಂತಿತ್ತು ಎಂಬಲ್ಲಿಂದ ಶುರು ಮಾಡಬೇಕು.

ಅದರ ಹಿಂದೆ ಒಬ್ಬ ಜಪಾನಿ ವಿಜ್ಞಾನಿ ಇದ್ದಾರೆ, ತೆತ್ಸುಯಾ ಫುಜಿತಾ. 1945ರ ಆಗಸ್ಟ್ 9ರಂದು ಎರಡನೇ ಅಣುಬಾಂಬ್ ಹೊತ್ತ ವಿಮಾನ ಮೊದಲು ಹೊರಟಿದ್ದು ಕೊಕುರಾ ನಗರದತ್ತ. ನಗರವನ್ನು ಮೋಡವೂ ಹೊಗೆಯೂ ಕವಿದಿದ್ದರಿಂದ ಅದು ನಾಗಸಾಕಿಗೆ ತಿರುಗಿತು. ಆಗ ಇಪ್ಪತ್ತನಾಲ್ಕರ ಹರೆಯದ ಫುಜಿತಾ ಕೊಕುರಾದ ಪಕ್ಕದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದರು. ಬಾಂಬ್ ಬಿದ್ದ ಕೆಲವೇ ವಾರಗಳಲ್ಲಿ ಅವರು ನಾಗಸಾಕಿ ಮತ್ತು ಹಿರೋಶಿಮಾಗಳಿಗೆ ಹೋಗಿ ಹಾನಿಯ ಅಧ್ಯಯನ ಮಾಡಿದರು. ಸ್ಫೋಟದ ಬಿಂದುವಿನ ನೇರ ಕೆಳಗಿದ್ದ ಮರಗಳು ಸುಟ್ಟು ಕರಕಲಾಗಿದ್ದರೂ ನಿಂತೇ ಇದ್ದವು, ಸುತ್ತಲಿನವು ಹೊರಮುಖವಾಗಿ ಉರುಳಿದ್ದವು. ನಕ್ಷತ್ರದ ಆಕಾರದ ಆ ನಾಶದ ಚಿತ್ರ ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಮುಂದೆ ಫುಜಿತಾ ಷಿಕಾಗೊ ವಿಶ್ವವಿದ್ಯಾಲಯ ಸೇರಿ ಸುಂಟರಗಾಳಿಗಳ ಅಧ್ಯಯನಕ್ಕೆ ಹೆಸರಾದರು. 1974ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಎರಡೇ ದಿನಗಳಲ್ಲಿ ನೂರಕ್ಕೂ ಹೆಚ್ಚು ಸುಂಟರಗಾಳಿಗಳು ಎದ್ದವು. ಹಾನಿಯ ಸಮೀಕ್ಷೆಗಾಗಿ ಪಶ್ಚಿಮ ವರ್ಜೀನಿಯಾದ ಕಾಡಿನ ಮೇಲೆ ಹಾರುತ್ತಿದ್ದ ಫುಜಿತಾರಿಗೆ ಕೆಳಗೆ ಒಂದು ಕಡೆ ಮರಗಳು ಸುಂಟರಗಾಳಿಗೆ ಸಿಕ್ಕಂತೆ ಸುತ್ತಿಕೊಂಡು ಬಿದ್ದಿರದೆ ಒಂದು ಕೇಂದ್ರದಿಂದ ಎಲ್ಲ ದಿಕ್ಕಿಗೂ ಚೆದುರಿ ಮಲಗಿದ್ದು ಕಂಡಿತು. ನಾಗಸಾಕಿಯಲ್ಲಿ ನೋಡಿದ್ದೇ ಚಿತ್ರ. ಹಾಗಾದರೆ ಇಲ್ಲಿ ಗಾಳಿ ಸುತ್ತಿಲ್ಲ. ಮೇಲಿನಿಂದ ಕೆಳಕ್ಕೆ ಧುಮುಕಿ, ನೆಲಕ್ಕೆ ಅಪ್ಪಳಿಸಿ, ಸುತ್ತಲೂ ಹರಡಿದೆ ಎಂದು ಅವರು ತರ್ಕಿಸಿದರು. ಕಂಡಿದ್ದನ್ನು ಮೂವತ್ತು ವರ್ಷ ಹೊತ್ತು ತಿರುಗಿ, ಸರಿಯಾದ ಜಾಗದಲ್ಲಿ ಅದನ್ನು ಗುರುತಿಸಿದ ಈ ಕಣ್ಣಿನ ಬಗ್ಗೆ ನನಗೆ ಅಪಾರ ಗೌರವ.

ಮರುವರ್ಷ, 1975ರ ಜೂನ್ 24ರಂದು, ಗುಡುಗುಮಳೆಯ ನಡುವೆ ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ ಇಳಿಯಲು ಬಂದ ಈಸ್ಟರ್ನ್ ಏರ್‌ಲೈನ್ಸ್‌ನ 66ನೇ ವಿಮಾನ ರನ್‌ವೇ ಮುಟ್ಟುವ ಮೊದಲೇ ನೆಲಕ್ಕೆ ಬಿತ್ತು. ನೂರಕ್ಕೂ ಹೆಚ್ಚು ಜನ ಸತ್ತರು. ತನಿಖೆಗೆ ಕರೆಸಿಕೊಂಡ ಫುಜಿತಾ, ಇದೂ ಅದೇ ಧುಮುಕುವ ಗಾಳಿಯ ಕೆಲಸ ಎಂದರು. ಇಳಿಯುತ್ತಿರುವ ವಿಮಾನಕ್ಕೆ ಅದು ಒಡ್ಡುವ ಅಪಾಯ ಬಹಳ ಕ್ರೂರವಾದದ್ದು. ಮೊದಲು ಎದುರುಗಾಳಿ ಬಡಿದು ವಿಮಾನ ಮೇಲೇಳುತ್ತದೆ. ಪೈಲಟ್ ಸಹಜವಾಗಿಯೇ ಎಂಜಿನ್ ಶಕ್ತಿ ತಗ್ಗಿಸುತ್ತಾನೆ. ಮರುಗಳಿಗೆಯಲ್ಲಿ ಗಾಳಿ ಮೇಲಿನಿಂದ ಒತ್ತುತ್ತದೆ, ಅದರ ಬೆನ್ನಿಗೇ ಹಿಂಬದಿಯಿಂದ ಬೀಸುತ್ತದೆ. ರೆಕ್ಕೆಗೆ ಆಧಾರವೇ ತಪ್ಪುತ್ತದೆ. ಚೇತರಿಸಿಕೊಳ್ಳಲು ಬೇಕಾದ ಎತ್ತರ ಅಷ್ಟರಲ್ಲಿ ಮುಗಿದಿರುತ್ತದೆ.

ಹಲವು ಹವಾಮಾನ ತಜ್ಞರು ಈ ವಾದವನ್ನು ಒಪ್ಪಲಿಲ್ಲ. 1978ರಲ್ಲಿ ಷಿಕಾಗೊದ ಸುತ್ತ ಡಾಪ್ಲರ್ ರಾಡಾರ್‌ಗಳನ್ನು ನಿಲ್ಲಿಸಿ ಮಾಡಿದ ಪ್ರಯೋಗದಲ್ಲಿ ಆ ಗಾಳಿ ಅಳತೆಗೆ ಸಿಕ್ಕಿತು. ನಾಲ್ಕು ಕಿಲೋಮೀಟರಿಗಿಂತ ಚಿಕ್ಕ ಜಾಗದಲ್ಲಿ ಹುಟ್ಟಿ, ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುವ ಈ ಬಗೆಯನ್ನು ಫುಜಿತಾ ಮೈಕ್ರೋಬರ್ಸ್ಟ್ ಎಂದು ಕರೆದರು. ಇಷ್ಟಾದರೂ ಎಚ್ಚರಿಕೆಯ ವ್ಯವಸ್ಥೆ ಬರಲು ಇನ್ನಷ್ಟು ಸಾವುಗಳು ಬೇಕಾದವು. 1985ರ ಆಗಸ್ಟ್ 2ರಂದು ಡಲ್ಲಾಸ್‌ನಲ್ಲಿ ಡೆಲ್ಟಾ 191 ವಿಮಾನ ಬಿದ್ದು 137 ಜನ ಸತ್ತ ಮೇಲೆ ಅಮೆರಿಕದ ವಿಮಾನಯಾನ ಆಡಳಿತ ಗಟ್ಟಿ ಮನಸ್ಸು ಮಾಡಿತು. ಮೈಕ್ರೋಬರ್ಸ್ಟ್ ಹೆಚ್ಚು ಕಾಡುವ ದೊಡ್ಡ ವಿಮಾನ ನಿಲ್ದಾಣಗಳಿಗೆ ಒಂದೊಂದರಂತೆ, ಒಟ್ಟು 45 ವಿಶೇಷ ಡಾಪ್ಲರ್ ರಾಡಾರ್‌ಗಳು ಬಂದವು. ಸ್ಯಾನ್ ಹುವಾನ್‌ನದು ಅವುಗಳಲ್ಲಿ ಒಂದು.

ಈ ರಾಡಾರ್‌ಗಳು ಕೆಲಸ ಮಾಡುವುದು 5600ರಿಂದ 5650 ಮೆಗಾಹರ್ಟ್ಸ್ ನಡುವೆ. ಅರ್ಧ ಡಿಗ್ರಿಯಷ್ಟೇ ಅಗಲದ ಕಿರಣ. ತುದಿಶಕ್ತಿ 250 ಕಿಲೋವಾಟ್. ಕಳಿಸುವಾಗ ಇಷ್ಟು ಬಲಶಾಲಿಯಾದ ಯಂತ್ರ ಕೇಳಿಸಿಕೊಳ್ಳಬೇಕಾದ್ದು ಮಾತ್ರ ಹತ್ತಾರು ಕಿಲೋಮೀಟರ್ ಆಚೆಯ ಮಳೆಹನಿಗೆ ತಾಗಿ ಮರಳುವ ಅತಿ ಕ್ಷೀಣ ಪ್ರತಿಧ್ವನಿಯನ್ನು. ಅದರ ದೌರ್ಬಲ್ಯ ಇರುವುದು ಇಲ್ಲೇ. ಅದೇ ಕಂಪನಾಂಕದಲ್ಲಿ, ನಡುವೆ ಗುಡ್ಡ ಕಟ್ಟಡಗಳ ಮರೆಯಿಲ್ಲದೆ, ಒಂದು ವಾಟ್‌ಗೂ ಕಡಿಮೆ ಶಕ್ತಿಯ ಪೆಟ್ಟಿಗೆಯೊಂದು ನಿರಂತರ ಮಾತಾಡುತ್ತಿದ್ದರೆ ಮಳೆಹನಿಯ ಪ್ರತಿಧ್ವನಿ ಅದರಡಿ ಮುಳುಗಿಹೋಗುತ್ತದೆ.

ಇನ್ನು ವೈಫೈ ಈ ಜಾಗಕ್ಕೆ ಹೇಗೆ ಬಂತು? 1985ರಲ್ಲಿ ಅಮೆರಿಕದ ಸಂವಹನ ಆಯೋಗ, ಎಂಜಿನಿಯರ್ ಮೈಕೆಲ್ ಮಾರ್ಕಸ್ ಅವರ ಒತ್ತಾಸೆಯಿಂದ, ಮೈಕ್ರೋವೇವ್ ಒಲೆ ಮುಂತಾದವಕ್ಕೆಂದು ಬಿಟ್ಟಿದ್ದ ತರಂಗಾಂತರಗಳಲ್ಲಿ ಪರವಾನಗಿಯಿಲ್ಲದೆ ರೇಡಿಯೊ ಸಂವಹನ ನಡೆಸಲು ದಾರಿ ತೆರೆಯಿತು. ವೈಫೈಯ ಬೇರು ಅಲ್ಲಿದೆ. ಆದರೆ ಉಳಿದ ದೇಶಗಳ ಆಕಾಶ ಅಮೆರಿಕದಂತಿರಲಿಲ್ಲ. ಆರಂಭದ 915 ಮೆಗಾಹರ್ಟ್ಸ್ ಉಪಕರಣಗಳನ್ನು ಯುರೋಪಿನಲ್ಲಿ ಮಾರುವಂತಿರಲಿಲ್ಲ, ಆ ನೆರೆಯಲ್ಲಿ ಮೊಬೈಲ್ ಫೋನ್‌ಗಳಿದ್ದವು. 2.4 ಗಿಗಾಹರ್ಟ್ಸ್‌ನಲ್ಲೂ ಏಕರೂಪತೆ ಇರಲಿಲ್ಲ. ಅಮೆರಿಕದಲ್ಲಿ 11 ಚಾನೆಲ್, ಯುರೋಪಿನ ಬಹುಭಾಗದಲ್ಲಿ 13. ಫ್ರಾನ್ಸಿನಲ್ಲಿ ಕೆಳಗಿನ ಭಾಗ ಸೇನೆಯ ಕೈಯಲ್ಲಿದ್ದುದರಿಂದ ಆರಂಭದಲ್ಲಿ 10ರಿಂದ 13ರವರೆಗೆ ಮಾತ್ರ. ಜಪಾನಿನಲ್ಲಿ ಎಲ್ಲರಿಂದ ದೂರ ನಿಂತ 14ನೇ ಚಾನೆಲ್. ಪ್ರತಿ ದೇಶದ ನಿಯಮದ ಹಿಂದೆಯೂ ಅಲ್ಲಿ ಮೊದಲೇ ನೆಲೆಸಿದ್ದ ಯಾರೋ ಒಬ್ಬರು ಇದ್ದಾರೆ: ಸೈನ್ಯವೋ, ಉಪಗ್ರಹವೋ, ರಾಡಾರೋ. ಇದನ್ನು ಅಧಿಕಾರಿಗಳ ಹಟವೆಂದು ತಿಳಿಯುವವರು ಬಹಳ. ನನಗೆ ಹಾಗೆ ಅನ್ನಿಸುವುದಿಲ್ಲ.

2.4 ಇಕ್ಕಟ್ಟಾದಾಗ ವೈಫೈ 5 ಗಿಗಾಹರ್ಟ್ಸ್‌ನತ್ತ ನೋಡಿತು. ಅಲ್ಲಿದ್ದವರು ರಾಡಾರ್‌ಗಳು. 2003ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವ ರೇಡಿಯೊ ಸಮ್ಮೇಳನದಲ್ಲಿ ಒಂದು ಒಪ್ಪಂದವಾಯಿತು. ರೌಟರ್‌ಗಳು ಈ ಜಾಗವನ್ನು ಬಳಸಬಹುದು, ಆದರೆ ಮಾತಾಡುವ ಮೊದಲು ಕಿವಿಗೊಡಬೇಕು. ಚಾನೆಲ್ ಹಿಡಿಯುವ ಮುನ್ನ 60 ಸೆಕೆಂಡ್ ಸುಮ್ಮನಿದ್ದು ರಾಡಾರಿನ ಮಿಡಿತ ಕೇಳುತ್ತಿದೆಯೇ ನೋಡಬೇಕು. ಕೇಳಿಸಿದರೆ 10 ಸೆಕೆಂಡಿನೊಳಗೆ ಜಾಗ ಬಿಡಬೇಕು, ಮುಂದಿನ 30 ನಿಮಿಷ ಆ ಚಾನೆಲ್ ಕಡೆ ತಲೆಹಾಕಬಾರದು. ಇದಕ್ಕೆ ಡಿಎಫ್‌ಎಸ್ ಎಂದು ಹೆಸರು. ಎಂಜಿನಿಯರಿಂಗ್‌ನಲ್ಲಿ ನಾನು ಕಂಡ ಅತ್ಯಂತ ಸಭ್ಯವಾದ ನಿಯಮಗಳಲ್ಲಿ ಇದೂ ಒಂದು. ಅದೇ ವರ್ಷ ಅಮೆರಿಕವೂ 5470ರಿಂದ 5725 ಮೆಗಾಹರ್ಟ್ಸ್‌ವರೆಗಿನ ಭಾಗವನ್ನು ಈ ಷರತ್ತಿನ ಮೇಲೆ ತೆರೆಯಿತು. ವಿಮಾನ ನಿಲ್ದಾಣದ ರಾಡಾರ್‌ಗಳ 5600–5650 ಅದರ ಮಧ್ಯದಲ್ಲೇ ಇತ್ತು. ನಿಯಮವಿದೆಯಲ್ಲ, ತೊಂದರೆಯಾಗದು ಎಂದು ಎಲ್ಲರೂ ನಂಬಿದರು.

ಆ ನಂಬಿಕೆ ಸ್ಯಾನ್ ಹುವಾನ್‌ನಲ್ಲಿ ಒಡೆಯಿತು.

ಪರದೆಯ ಗೆರೆಗಳು ತಮ್ಮ ಗುಟ್ಟನ್ನು ಅರ್ಧ ತಾವೇ ಹೇಳುತ್ತಿದ್ದವು. ರಾಡಾರ್ ದೂರವನ್ನು ಅಳೆಯುವುದು ಪ್ರತಿಧ್ವನಿ ಮರಳಲು ತೆಗೆದುಕೊಂಡ ಸಮಯದಿಂದ. ಬರುತ್ತಿರುವುದು ತನ್ನದೇ ಪ್ರತಿಧ್ವನಿಯಾಗಿರದೆ ಬೇರೆ ಯಾರದೋ ನಿರಂತರ ಮಾತಾಗಿದ್ದರೆ ಅದು ಎಲ್ಲ ದೂರಗಳಲ್ಲೂ ಒಟ್ಟಿಗೆ ಇದ್ದಂತೆ ಕಾಣುತ್ತದೆ. ಹೀಗಾಗಿ ಚುಕ್ಕೆಯ ಬದಲು ಗೆರೆ. ಗೆರೆ ದಿಕ್ಕನ್ನು ಹೇಳುತ್ತದೆ, ಎಷ್ಟು ದೂರದಲ್ಲಿ ಎಂಬುದನ್ನು ಹೇಳುವುದಿಲ್ಲ. ದಿಕ್ಕು ಸಿಕ್ಕ ಮೇಲೆ ಉಳಿದದ್ದು ಬೀದಿಯ ಕೆಲಸ. ಸಂವಹನ ಆಯೋಗದ ಕ್ಷೇತ್ರಾಧಿಕಾರಿಗಳು ದಿಕ್ಕು ಹುಡುಕುವ ಆಂಟೆನಾ ಹಿಡಿದು ಊರೊಳಗೆ ಮೂಲವನ್ನು ಅರಸಿದರು. ಕೊಲರಾಡೊದ ಬೌಲ್ಡರ್‌ನಲ್ಲಿರುವ ಸರ್ಕಾರಿ ದೂರಸಂಪರ್ಕ ಪ್ರಯೋಗಾಲಯದ ಎಂಜಿನಿಯರ್‌ಗಳು ಸ್ಯಾನ್ ಹುವಾನ್‌ಗೆ ಬಂದು ರಾಡಾರಿಗೆ ಏನು ಕೇಳಿಸುತ್ತಿದೆ ಎಂದು ಅಳೆದರು.

ಸಿಕ್ಕಿದ್ದು ಶತ್ರುವೂ ಅಲ್ಲ, ಕಳ್ಳ ರೇಡಿಯೊ ಕೇಂದ್ರವೂ ಅಲ್ಲ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಂತಿಯಿಲ್ಲದೆ ಇಂಟರ್ನೆಟ್ ಕೊಡುವ ಸಣ್ಣ ಕಂಪನಿಗಳ ಸಾಧಾರಣ ಪೆಟ್ಟಿಗೆಗಳು. ಅವೂ ಒಂದೇ ತಯಾರಕರವಲ್ಲ. ಅಮೆರಿಕದ ಇತರ ನಗರಗಳಲ್ಲೂ ಇದೇ ತೊಂದರೆ ಕಂಡ ಮೇಲೆ, 2010ರ ಜುಲೈನಲ್ಲಿ ಆಯೋಗ ತಯಾರಕರಿಗೆ ಮತ್ತು ಇಂಟರ್ನೆಟ್ ಕಂಪನಿಗಳಿಗೆ ಪತ್ರ ಬರೆದು ತಾನು ಕಂಡದ್ದನ್ನು ತಿಳಿಸಿತು. ಪ್ರತಿ ಊರಿನಲ್ಲೂ ತೊಂದರೆ ಕೊಡುತ್ತಿದ್ದುದು ಹೊರಗೆ, ಎತ್ತರದಲ್ಲಿ, ರಾಡಾರಿಗೆ ನೇರ ಕಾಣುವಂತೆ ನಿಂತ ಬೆರಳೆಣಿಕೆಯ ಪೆಟ್ಟಿಗೆಗಳು ಮಾತ್ರ. ಮನೆಯೊಳಗಿನ ಲಕ್ಷಾಂತರ ರೌಟರ್‌ಗಳಿಂದ ಈ ಕಾಟ ಬಂದಿರಲಿಲ್ಲ.

ಆದರೆ ಅವು ಕಿವಿಗೊಡಬೇಕಿತ್ತಲ್ಲ? ಇಲ್ಲಿಂದ ತನಿಖೆ ನಿಜವಾಗಿ ಆಸಕ್ತಿಕರವಾಗುತ್ತದೆ, ಯಾಕೆಂದರೆ ಕಾರಣ ಒಂದಲ್ಲ. ಕೆಲವು ಪೆಟ್ಟಿಗೆಗಳಲ್ಲಿ ಡಿಎಫ್‌ಎಸ್ ಇದ್ದರೂ ಅದಕ್ಕೆ ಈ ರಾಡಾರಿನ ಮಿಡಿತ ಹಿಡಿಯಲಾಗಿರಲಿಲ್ಲ. ಹವಾಮಾನ ರಾಡಾರಿನ ಮಿಡಿತ ಮೈಕ್ರೋಸೆಕೆಂಡಿನಷ್ಟು ಚುಟುಕು. ಅರ್ಧ ಡಿಗ್ರಿಯ ಆ ಸಪೂರ ಕಿರಣ ಸುತ್ತುತ್ತಾ ಪೆಟ್ಟಿಗೆಯ ಮೇಲೆ ಹಾದುಹೋಗುವುದು ಒಂದು ಕ್ಷಣ. ಇನ್ನು ಕೆಲವದರಲ್ಲಿ ಡಿಎಫ್‌ಎಸ್ ಆಫ್ ಆಗಿತ್ತು. ಪೆಟ್ಟಿಗೆಯ ಮೆನುವಿನಲ್ಲಿ ಅಮೆರಿಕವನ್ನು ಬಿಟ್ಟು ಇನ್ನೊಂದು ದೇಶ ಆರಿಸಿದರೆ ಸಾಕು, ಅಮೆರಿಕದ ನಿಯಮ ಅದಕ್ಕೆ ಅನ್ವಯಿಸುತ್ತಿರಲಿಲ್ಲ. ಕಾಯುವ 60 ಸೆಕೆಂಡಿಲ್ಲ, ನಡುನಡುವೆ ಚಾನೆಲ್ ಬಿಟ್ಟೋಡುವುದಿಲ್ಲ, ಸಂಪರ್ಕ ಕಡಿಯುವುದಿಲ್ಲ. ಗ್ರಾಹಕರ ದೂರು ತಪ್ಪಿಸಿಕೊಳ್ಳಲು ತಂತ್ರಜ್ಞನೊಬ್ಬ ಇಷ್ಟು ಮಾಡಿದ್ದರೆ ಅವನಿಗೆ ಅದರಲ್ಲಿ ದುರುದ್ದೇಶವೇನೂ ಕಂಡಿರಲಿಕ್ಕಿಲ್ಲ. ಆ ಮೆನುವಿಗೂ ಡಲ್ಲಾಸ್‌ನ 137 ಸಾವುಗಳಿಗೂ ಸಂಬಂಧವಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಆಯೋಗ ದಂಡ ಹಾಕಿತು. ಹಲವು ಪ್ರಕರಣಗಳಲ್ಲಿ ಅದು 25,000 ಡಾಲರ್.

ದೇಶದ ಈ ಆಯ್ಕೆ ಕೆಲಸ ಮಾಡುವ ಬಗೆ ಇದು. ಪ್ರತಿ ರೌಟರ್ ಸೆಕೆಂಡಿಗೆ ಸುಮಾರು ಹತ್ತು ಸಲ ತನ್ನ ಇರುವಿಕೆಯನ್ನು ಸಾರುತ್ತದೆ. 2001ರಲ್ಲಿ ವೈಫೈ ಮಾನದಂಡಕ್ಕೆ ಸೇರಿದ ತಿದ್ದುಪಡಿಯೊಂದರ ಪ್ರಕಾರ ಆ ಸಾರಿಕೆಯಲ್ಲಿ ಎರಡಕ್ಷರದ ದೇಶ ಸಂಕೇತ, ಬಳಸಬಹುದಾದ ಚಾನೆಲ್‌ಗಳು, ಮೀರಬಾರದ ಶಕ್ತಿ ಇವೆಲ್ಲ ಇರುತ್ತವೆ. ಭಾರತಕ್ಕೆ ಐಎನ್, ಅಮೆರಿಕಕ್ಕೆ ಯುಎಸ್, ಜಪಾನಿಗೆ ಜೆಪಿ. ಬೇರೆ ದೇಶದಿಂದ ಬಂದಿಳಿದ ಲ್ಯಾಪ್‌ಟಾಪ್ ಇದನ್ನು ಕೇಳಿಸಿಕೊಂಡು ತಾನು ಎಲ್ಲಿದ್ದೇನೆಂದು ತಿಳಿದು ಅದಕ್ಕೆ ತಕ್ಕಂತೆ ನಡೆದುಕೊಳ್ಳಬೇಕು. ಹೀಗಾಗಿ ತಪ್ಪು ಸಂಕೇತ ಸಾರುವ ಒಂದು ರೌಟರ್ ನೆರೆಯವರನ್ನೂ ದಾರಿ ತಪ್ಪಿಸಬಲ್ಲದು. ಸುತ್ತಲಿನ ರೌಟರ್‌ಗಳು ಬೇರೆ ಬೇರೆ ದೇಶದ ಹೆಸರು ಹೇಳುತ್ತಿದ್ದರೆ ಮ್ಯಾಕ್ ಕಂಪ್ಯೂಟರಿನ ವೈಫೈ ತಪಾಸಣೆ ದೇಶ ಸಂಕೇತಗಳು ತಾಳೆಯಾಗುತ್ತಿಲ್ಲ ಎಂದು ತೋರಿಸುವುದುಂಟು.

ಅಮೆರಿಕದಲ್ಲಿ ಕೆಲವು ವರ್ಷವಿದ್ದು ಬೆಂಗಳೂರಿಗೋ ಮೈಸೂರಿಗೋ ಮರಳುವ ನಮ್ಮವರು ಅಲ್ಲಿ ಕೊಂಡ ರೌಟರನ್ನೂ ಸೂಟ್‌ಕೇಸಿನಲ್ಲಿ ತರುತ್ತಾರೆ. ಅಲ್ಲಿ ಮಾರಾಟವಾಗುವ ಬಹಳಷ್ಟು ರೌಟರ್‌ಗಳಲ್ಲಿ ದೇಶ ಬದಲಿಸಲು ಈಗ ಬರುವುದೇ ಇಲ್ಲ. ಬದಲಿಸಲು ಬರುವಂತಿದ್ದರೆ ಭಾರತವನ್ನು ಆರಿಸುವುದು ಮೊದಲ ಕೆಲಸ. ನಮ್ಮಲ್ಲಿ 2.4 ಗಿಗಾಹರ್ಟ್ಸ್‌ಗೆ ಪರವಾನಗಿಯಿಂದ ವಿನಾಯಿತಿ ಸಿಕ್ಕಿದ್ದು 2005ರ ಜನವರಿಯಲ್ಲಿ. 5 ಗಿಗಾಹರ್ಟ್ಸ್‌ನ ಒಂದು ಭಾಗ ಮನೆಯೊಳಗಿನ ಬಳಕೆಗೆ ಆಗಲೇ ತೆರೆದಿತ್ತು. 5470–5725 ಸೇರಿದಂತೆ ದೊಡ್ಡ ಪಾಲು ಬಂದದ್ದು 2018ರ ಅಕ್ಟೋಬರಿನ ಅಧಿಸೂಚನೆಯಿಂದ. ಹಾಗಾಗಿ 2015ರಲ್ಲಿ ಯಾರಾದರೂ ಹೊರದೇಶದ ರೌಟರನ್ನು ಇಲ್ಲಿ 100ನೇ ಚಾನೆಲ್‌ನಲ್ಲಿ ಹಚ್ಚಿದ್ದರೆ ಅದು ನಿಯಮಬಾಹಿರವಾಗಿತ್ತು, 2019ರಲ್ಲಿ ಆಗಿರಲಿಲ್ಲ. ನಮ್ಮ ಹವಾಮಾನ ಇಲಾಖೆಯ ಕರಾವಳಿ ರಾಡಾರ್‌ಗಳಲ್ಲಿ ಹೆಚ್ಚಿನವು ಎಸ್ ಬ್ಯಾಂಡಿನವು. ಬೆಂಗಳೂರಿನ ಇಸ್ರೊ ಘಟಕ ವಿನ್ಯಾಸ ಮಾಡಿ ಬಿಇಎಲ್ ತಯಾರಿಸಿದ ಚಿರಾಪುಂಜಿಯ ರಾಡಾರೂ ಎಸ್ ಬ್ಯಾಂಡಿನದೇ. ಅವು ವೈಫೈಯ 5 ಗಿಗಾಹರ್ಟ್ಸ್‌ನಿಂದ ದೂರದ ಕಂಪನಾಂಕದಲ್ಲಿವೆ. ಆದರೆ ತಿರುವನಂತಪುರದ ತುಂಬಾದಲ್ಲಿರುವಂಥ, 5 ಗಿಗಾಹರ್ಟ್ಸ್‌ನ ನೆರೆಯ ಸಿ ಬ್ಯಾಂಡ್ ರಾಡಾರ್‌ಗಳೂ ನಮ್ಮಲ್ಲಿವೆ. ಅವುಗಳ ನೆರೆಯಲ್ಲಿ ಎತ್ತರದ ತಾರಸಿಯ ಮೇಲೆ ಪೆಟ್ಟಿಗೆ ಕಟ್ಟುವವರಿಗೆ ಸ್ಯಾನ್ ಹುವಾನ್‌ನ ಕತೆ ಗೊತ್ತಿರಬೇಕು.

ಪರಿಹಾರವನ್ನು ಒಂದೊಂದು ದೇಶ ಒಂದೊಂದು ರೀತಿ ಕಂಡುಕೊಂಡಿತು. ಕೆನಡಾ ಮತ್ತು ಆಸ್ಟ್ರೇಲಿಯಾ 5600–5650 ಭಾಗವನ್ನು ವೈಫೈಗೆ ಕೊಡಲೇ ಇಲ್ಲ. ಯುರೋಪು ಕೊಟ್ಟಿತು, ಆದರೆ ಆ ಭಾಗದಲ್ಲಿ ಕಿವಿಗೊಡುವ ಅವಧಿಯನ್ನು 60 ಸೆಕೆಂಡಿನಿಂದ 10 ನಿಮಿಷಕ್ಕೆ ಏರಿಸಿತು. ಅಮೆರಿಕ ಮೊದಲು ಹೊಸ ಉಪಕರಣಗಳಿಗೆ ಅಲ್ಲಿ ಪ್ರವೇಶ ನಿಲ್ಲಿಸಿ, ರಾಡಾರಿನಿಂದ 35 ಕಿಲೋಮೀಟರ್ ಒಳಗಿರುವ ಹೊರಾಂಗಣ ಪೆಟ್ಟಿಗೆಗಳು ಅದರ ಕಂಪನಾಂಕದಿಂದ ಕನಿಷ್ಠ 30 ಮೆಗಾಹರ್ಟ್ಸ್ ದೂರವಿರಲಿ ಎಂದಿತು. ಪ್ರಯೋಗಾಲಯದ ಪರೀಕ್ಷೆಗಳಿಂದ ಪಾಠ ಕಲಿತ ಮೇಲೆ, 2014ರಲ್ಲಿ ಡಿಎಫ್‌ಎಸ್ ಪರೀಕ್ಷೆಯನ್ನು ಬಿಗಿಗೊಳಿಸಿ ಬಾಗಿಲು ಮತ್ತೆ ತೆರೆಯಿತು. ಜೊತೆಗೆ ಇನ್ನೊಂದು ಷರತ್ತು: ಬಳಕೆದಾರ ತಂತ್ರಾಂಶ ಬದಲಿಸಿ ನಿಯಮ ಮೀರಲಾಗದಂತೆ ತಯಾರಕರೇ ಬೀಗ ಹಾಕಬೇಕು.

ಇಲ್ಲಿ ಇನ್ನೊಂದು ಸಮುದಾಯಕ್ಕೆ ನೋವಾಯಿತು. ತಯಾರಕರು ಕೈಬಿಟ್ಟ ಹಳೆಯ ರೌಟರ್‌ಗಳಿಗೆ ಓಪನ್‌ಡಬ್ಲ್ಯುಆರ್‌ಟಿ, ಡಿಡಿ-ಡಬ್ಲ್ಯುಆರ್‌ಟಿಯಂಥ ಮುಕ್ತ ಫರ್ಮ್‌ವೇರ್ ಬರೆದು ಜೀವ ತುಂಬುವವರು ಅವರು. ರೇಡಿಯೊಗೆ ಹಾಕಬೇಕಾದ ಬೀಗವನ್ನು ಕಂಪನಿಗಳು ಸುಲಭದ ದಾರಿ ಹಿಡಿದು ಇಡೀ ರೌಟರಿಗೇ ಹಾಕಿಬಿಡುತ್ತವೆ ಎಂದು 2015ರಲ್ಲಿ ಅವರು ದನಿಯೆತ್ತಿದರು. ಅವರ ಭಯ ಸಕಾರಣವಾಗಿತ್ತು. ಭದ್ರತೆಯ ದೋಷ ತಿದ್ದಲಾಗದ ರೌಟರ್ ಕೂಡ ಅಪಾಯವೇ. ಹಾಗೆಂದು ಎಲ್ಲ ಬಳಕೆದಾರರೂ ಮುಗ್ಧರಿರಲಿಲ್ಲ. ಶಕ್ತಿಯ ಮಿತಿ ಏರುತ್ತದೆಂಬ ಒಂದೇ ಕಾರಣಕ್ಕೆ ಲಿನಕ್ಸ್‌ನಲ್ಲಿ ದೇಶವನ್ನು ಬೊಲಿವಿಯಾ ಎಂದು ಬದಲಿಸುವ ಉಪಾಯ ಆಗ ಬಹಳ ಪ್ರಚಲಿತವಾಗಿತ್ತು. ನಿಯಮದ ಪ್ರಶ್ನೆ ಬದಿಗಿರಲಿ, ಅದರಿಂದ ಲಾಭವೂ ಕಡಿಮೆ. ರೌಟರ್ ಜೋರಾಗಿ ಕೂಗಿದರೂ ಫೋನಿನ ದನಿ ಹಳೆಯಷ್ಟೇ ಇರುತ್ತದೆ, ದೂರದ ಕೋಣೆಯಿಂದ ಅದರ ಉತ್ತರ ರೌಟರಿಗೆ ಮುಟ್ಟುವುದಿಲ್ಲ.

ಈ ಜಗ್ಗಾಟಕ್ಕೆ 2016ರ ಆಗಸ್ಟ್‌ನಲ್ಲಿ ಒಂದು ತೀರ್ಮಾನ ಬಂತು. ದೇಶದ ಆಯ್ಕೆ ಬದಲಿಸಿ ಅನುಮತಿಗಿಂತ ಹೆಚ್ಚು ಶಕ್ತಿ ಪಡೆಯಲು ಅವಕಾಶವಿದ್ದ ರೌಟರ್ ಮಾರಿದ್ದಕ್ಕೆ ಟಿಪಿ-ಲಿಂಕ್ ಕಂಪನಿ ಅಮೆರಿಕದ ಆಯೋಗದೊಡನೆ ರಾಜಿ ಮಾಡಿಕೊಂಡು 2,00,000 ಡಾಲರ್ ಕಟ್ಟಿತು. ಅದೇ ರಾಜಿಪತ್ರದಲ್ಲಿ, ರೇಡಿಯೊ ನಿಯಮ ಕೆಡದಂತೆ ಹೊರಗಿನವರ ಫರ್ಮ್‌ವೇರ್ ಓಡಿಸುವ ದಾರಿಯನ್ನು ಚಿಪ್ ತಯಾರಕರು ಮತ್ತು ಮುಕ್ತ ತಂತ್ರಾಂಶದವರ ಜೊತೆಗೂಡಿ ಹುಡುಕುವುದಾಗಿ ಒಪ್ಪಿತು. ಆ ಷರತ್ತು ರಾಜಿಪತ್ರದಲ್ಲಿ ಸೇರಿದ್ದು ನನಗೆ ದಂಡಕ್ಕಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ರೇಡಿಯೊ ನಿಯಮವೂ ಮುಕ್ತ ತಂತ್ರಾಂಶವೂ ಒಟ್ಟಿಗೆ ಬಾಳಬಲ್ಲವು ಎನ್ನುವುದಕ್ಕೆ ಲಿನಕ್ಸ್‌ನಲ್ಲೇ ಸಾಕ್ಷಿಯಿದೆ. ಅದರ ವೈಫೈ ವ್ಯವಸ್ಥೆ ಎಲ್ಲ ದೇಶಗಳ ರೇಡಿಯೊ ನಿಯಮಗಳ ಒಂದು ಕೋಶವನ್ನು ಇಟ್ಟುಕೊಂಡಿದೆ. ಯಾರು ಬೇಕಾದರೂ ಓದಬಹುದು, ಆದರೆ ಡಿಜಿಟಲ್ ಸಹಿ ಇರುವುದರಿಂದ ಕದ್ದು ತಿದ್ದಿದರೆ ಕರ್ನಲ್ ಒಪ್ಪುವುದಿಲ್ಲ. ಎಲ್ಲಿದ್ದೇನೆಂದು ತಿಳಿಯದ ಉಪಕರಣಕ್ಕೆ ಅದರಲ್ಲಿ 00 ಎಂಬ ಸಂಕೇತವಿದೆ, ಅತ್ಯಂತ ಬಿಗಿಯಾದ ನಿಯಮಗಳ ಗುಂಪು ಅದು. ರೌಟರ್ ಒಂದು ದೇಶ ಹೇಳಿ ಬಳಕೆದಾರ ಇನ್ನೊಂದು ಹೇಳಿದರೆ ಎರಡು ದೇಶಗಳೂ ಒಪ್ಪುವಷ್ಟನ್ನು ಮಾತ್ರ ಅದು ಬಿಡುತ್ತದೆ. ಒಂದು ದೇಶದ ನಿಯಮ ಬದಲಾದಾಗ ಅಲ್ಲಿನ ಸರ್ಕಾರಿ ಅಧಿಸೂಚನೆಯನ್ನು ತೋರಿಸಿ ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಕೋಶ ನೋಡಿಕೊಳ್ಳುವವರು ಪರಿಶೀಲಿಸಿ ಸೇರಿಸುತ್ತಾರೆ, ಮುಂದಿನ ಅಪ್‌ಡೇಟ್‌ನಲ್ಲಿ ಅದು ಆ ದೇಶದ ಕಂಪ್ಯೂಟರ್‌ಗಳನ್ನು ತಲುಪುತ್ತದೆ.